ಚಾ ತಂದವಳ ಹೆಸರು

ಟ್ರಂಕು ತೆಗೆದೊಡನೆ ಮೂಗಿಗೆ ಬಡಿದದ್ದು ಒಣಗಿದ ಸುರಗಿಯ ವಾಸನೆ. ಮೂವತ್ತು ವರ್ಷ ಕಳೆದರೂ ಆ ಹೂವು ಪರಿಮಳ ಬಿಟ್ಟಿರಲಿಲ್ಲ. ಸೋದರತ್ತೆಯ ಮದುವೆಗೆಂದು, ಬಾಡ ಎಂಬ ಊರಿಂದ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಗಣಪಿ ಕಟ್ಟಿ ತಂದ ದಂಡೆ ಅದು. ಕುಮಟೆಯ ನಮ್ಮ ಮನೆ ಹೆದ್ದಾರಿ ಅಗಲವಾದಾಗ ಹೋಯಿತು. ಗಣಪಿ ಕಳೆದ ತಿಂಗಳು ತೀರಿಕೊಂಡಳು. ಅವಳ ಮೊಮ್ಮಗಳು ಫೋನು ಮಾಡಿ, "ಅಕ್ಕಾ, ನಮ್ಮನೇಲಿ ಅಜ್ಜಿದು ಒಂದೂ ಫೋಟೊ ಇಲ್ಲ. ನಿಮ್ಮಲ್ಲಿ ಎಂತಾರೂ ಇದ್ರೆ ನೋಡಿ" ಅಂದಿದ್ದಳು. ಅಷ್ಟು ವರ್ಷ ನಮ್ಮ ಒಲೆ ಹೊತ್ತಿಸಿದವಳ ಒಂದು ಮುಖ ನಮ್ಮಲ್ಲಿ ಇರಲೇಬೇಕೆಂಬ ಧೈರ್ಯದಲ್ಲಿ ಹುಡುಕಿದೆ. ಸಿಕ್ಕಿದ್ದು ಎರಡು ವಿಡಿಯೊ ಕ್ಯಾಸೆಟ್ಟು, ಒಂದು ಆ ಮದುವೆಯದು, ಇನ್ನೊಂದು ಇಂಗ್ಲಿಷ್ ಸಿನಿಮಾದ್ದು.

ಚಿಕ್ಕಪ್ಪ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಿಂದ ವಿಡಿಯೊ ಪ್ಲೇಯರ್ ತಂದಾಗ ಜೊತೆಗೆ ಬಂದ ಸಿನಿಮಾ ಅದು. ಹಾಲಿವುಡ್ಡಿನ ಹಳೆಯ ಕಪ್ಪು-ಬಿಳುಪು ಚಿತ್ರ, ದೊಡ್ಡ ಬಂಗಲೆಯ ಗಂಡ ಹೆಂಡಿರ ಜಗಳ. ಬಂಗಡೆ ಸಾರಿನ ಊಟ ಮುಗಿಸಿ ನಾವೆಲ್ಲ ಚಾಪೆಯ ಮೇಲೆ, ಗಣಪಿ ಅಡುಗೆಮನೆಯ ಹೊಸ್ತಿಲಾಚೆ. ಚಿಕ್ಕಪ್ಪ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ಹೆಂಡತಿ ಅತ್ತಾಗ ನಮ್ಮ ಅಜ್ಜಿಯೂ ಅತ್ತಳು. ಆ ಬಂಗಲೆಯಲ್ಲಿ ಒಬ್ಬ ಕಪ್ಪು ಹೆಂಗಸು ಬಾಗಿಲು ತೆಗೆಯುತ್ತಿದ್ದಳು, ಚಾ ತರುತ್ತಿದ್ದಳು. ಅವಳು ಬಾಯಿ ತೆರೆದಾಗ ಮಾತ್ರ ಚಿಕ್ಕಪ್ಪ ಸುಮ್ಮನಿರುತ್ತಿದ್ದ.

"ಅದು ಎಂತ ಹೇಳ್ತು, ಒಡೆಯಾ?" ಗಣಪಿ ಕೇಳಿದಳು.

"ಎಂತ ಇಲ್ಲ. ಕೆಲ್ಸದ್ದು ಅದು."

"ಅದ್ರ ಹೆಸ್ರು ಎಂತ?"

"ಅದ್ಕೆ ಹೆಸ್ರಿಲ್ಲ."

ಗಣಪಿ ಟೀವಿಯತ್ತ ಕೈ ತೋರಿದಳು. "ಅಲ್ಲಿ ಕತ್ಲಾತಲ್ಲ. ಅದು ಮನೆಗೆ ಯಾವಾಗ ಹೋಗ್ತದೆ?" ಅಂದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈಗ ಹೊನ್ನಾವರದ ಸ್ಟುಡಿಯೊದವನಿಂದ ಎರಡೂ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿ ನೋಡಿದೆ. ಸಿನಿಮಾದ ಕೊನೆಯ ಪಟ್ಟಿಯಲ್ಲಿ ಆ ಮನೆಯ ನಾಯಿಯ ಹೆಸರಿದೆ, ಚಾ ತಂದವಳದಿಲ್ಲ. ಮೈಯೆಲ್ಲ ಉರಿಯಿತು. ಸಂಸಾರದ ಸಂಕಟ ಬಂಗಲೆಯವರಿಗೇ ಮೀಸಲೇ? ಇಂಥದ್ದನ್ನು ಇಂದಿಗೂ ಕೊಂಡಾಡುವವರಿಗೆ ಕಣ್ಣಿಲ್ಲವೇ? ಬೈಯುತ್ತಿದ್ದಂತೆ ನಮ್ಮದೇ ಮನೆ ಕಣ್ಣಿಗೆ ಬಂತು. ಗಣಪಿಯ ಗಂಡ ಗೋವೆಯಲ್ಲಿ ಇನ್ನೊಂದು ಸಂಸಾರ ಹೂಡಿದ್ದು ನಮಗೆಲ್ಲ ಗೊತ್ತಿತ್ತು. ಅದಕ್ಕಾಗಿ ಅಜ್ಜಿ ಎಂದೂ ಅತ್ತದ್ದಿಲ್ಲ. ನಿಮ್ಮ ಮನೆಯ ಹಳೆಯ ಆಲ್ಬಮ್ಮುಗಳಲ್ಲೂ ಗಣಪಿಯಂಥವರನ್ನು ಒಮ್ಮೆ ಹುಡುಕಿ ನೋಡಿ.

ಮದುವೆಯ ಕ್ಯಾಸೆಟ್ಟಿನಲ್ಲಾದರೂ ಇದ್ದಾಳು ಎಂದುಕೊಂಡೆ. ಗಣಪಿ ಹಾಡು ಎತ್ತದೆ ನಮ್ಮಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವಂತಿರಲಿಲ್ಲ. ವಿಡಿಯೊದವನು ಅವಳ ದನಿ ಅಳಿಸಿ ಯಾವುದೋ ಸಿನಿಮಾ ಹಾಡು ಕೂಡಿಸಿದ್ದ, ದರಿದ್ರದವನು. ಮುಖಕ್ಕಾಗಿ ಕಾದೆ. ಅತ್ತೆಯ ಪಕ್ಕದಲ್ಲಿ ಬಗ್ಗಿದ ಅವಳ ತಲೆ, ತಲೆಯ ಸುರಗಿ ಕಂಡಿತು. ಅವಳು ಇತ್ತ ತಿರುಗಬೇಕು, ಅಷ್ಟರಲ್ಲಿ ಪುಟ್ಟ ಕೈಯೊಂದು ಬಂದು ಅವಳ ಸೆರಗು ಜಗ್ಗಿತು. ಆಗ ನನಗೆ ಎಲ್ಲ ನೆನಪಾಯಿತು. "ಗಣಪಿ, ನೀ ಆಚೆ ನಿಲ್ಲು, ವಿಡಿಯೊದಲ್ಲಿ ನಾ ಕಾಣೂದಿಲ್ಲ" ಅಂದಿದ್ದೆ, ಹತ್ತು ವರ್ಷದ ನಾನು. "ಆತು ಮಗಾ" ಎಂದು ಅವಳು ಗೋಡೆಗೆ ಸರಿದು, ಅಲ್ಲಿಂದಲೇ ಹಾಡು ಮುಂದುವರಿಸಿದ್ದಳು.

ಮೊಮ್ಮಗಳಿಗೆ ಕೊಡಲು ನನ್ನಲ್ಲಿ ಆ ಒಣಗಿದ ದಂಡೆ ಮಾತ್ರ ಇದೆ. ಕ್ಯಾಸೆಟ್ಟಿನಲ್ಲಿ ಅರಿಶಿನ ಮುಗಿಯುವವರೆಗೂ ಅವಳ ಜಾಗದಲ್ಲಿ ಹಲ್ಲು ಕಿರಿದುಕೊಂಡು ನಿಂತಿರುವವಳು ನಾನು.