ಬೀಗ ಹಾಕಬಾರದೆಂಬ ಷರತ್ತು

ನಮ್ಮನೆಯವರು ತೀರಿಕೊಂಡು ಎರಡು ವರ್ಷವಾದ ಮೇಲೆ ಅವರ ಒಪ್ಪಿಗೆ ಕೇಳಿಕೊಂಡು ಒಂದು ಇಮೇಲ್ ಬಂತು. ಅವರ ಫೋನನ್ನು ನಾನಿನ್ನೂ ಚಾರ್ಜಿಗೆ ಹಾಕುತ್ತಿದ್ದೆ. ಯಾಕೆ ಎಂದು ಕೇಳಿದವರಿಗೆ, ಗ್ಯಾಸ್ ಬುಕ್ ಮಾಡೋಕೆ ಅದೇ ನಂಬರು ಬೇಕು ಎನ್ನುತ್ತಿದ್ದೆ. ಅದು ಸುಳ್ಳು. ಯಲಹಂಕದ ಈ ಮನೆಯಲ್ಲಿ ನಾನು ಮಾಡದ ಸದ್ದು ಎಂದರೆ ಆ ಫೋನಿನದ್ದೊಂದೇ, ಅದೂ ನಿಂತರೆ ಏನು ಗತಿ ಎಂಬ ಭಯ. ಏರ್‌ಫೋರ್ಸಿನ ವಿಮಾನಗಳ ಸದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಊರಿಗೆಲ್ಲ ಸೇರಿದ್ದು.

ಇಮೇಲ್ ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಪಾಸಾದದ್ದು ಎರಡನೇ ಸಲಕ್ಕೆ. ಕನ್ನಡಕ ಹಾಕಿಕೊಂಡು, ಅಕ್ಷರ ದೊಡ್ಡದು ಮಾಡಿಕೊಂಡು ಮೂರು ಸಲ ಓದಿದ ಮೇಲೆ ಇಷ್ಟು ತಿಳಿಯಿತು: ಅವರು ಬ್ಲೌಸಿನ ನಕ್ಷೆ ಸೇರಿಸಿದ್ದ ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಲೈಸೆನ್ಸ್, ಅಂದರೆ ಬಳಸುವವರಿಗೆ ಹಾಕಿದ ಷರತ್ತು, ಬದಲಾಯಿಸಬೇಕಂತೆ, ಅದಕ್ಕೆ ಪ್ರೋಗ್ರಾಮ್ ಬರೆದವರೆಲ್ಲರೂ ಒಪ್ಪಬೇಕಂತೆ, ಇವರೊಬ್ಬರು ಉತ್ತರ ಕೊಟ್ಟಿಲ್ಲವಂತೆ, ಇದು ಮೂರನೆಯ ರಿಮೈಂಡರ್ ಅಂತೆ. ನನಗೆ ಸಿಟ್ಟು ಬಂತು. ಸತ್ತವರಿಗೆ ರಿಮೈಂಡರ್ ಕಳಿಸುವುದು ಯಾವ ಸೀಮೆಯ ಮರ್ಯಾದೆ? ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಅವರು ಇಲ್ಲ, ನಾನು ಅವರ ಹೆಂಡತಿ ಎಂದು ಬರೆದು, ಕೆಳಗೆ ನನ್ನ ನಂಬರು ಹಾಕಿದೆ.

ಮಾರನೆಯ ದಿನವೇ ಫೋನ್ ಬಂತು. ಹೆಣ್ಣು ದನಿ, ಕನ್ನಡ. ಅಮೆರಿಕದವರೋ ಜರ್ಮನಿಯವರೋ ಇರಬೇಕು ಎಂದುಕೊಂಡಿದ್ದ ನನಗೆ, ಆರ್.ಟಿ. ನಗರದಿಂದ ಮಾತಾಡುತ್ತಿದ್ದೇನೆ ಎಂದು ಆಕೆ ಹೇಳಿದಾಗ ನಗು ಬಂತು. ಅವಳೂ ನಮ್ಮನೆಯವರೂ ಐದಾರು ವರ್ಷ ಇಮೇಲಿನಲ್ಲಿ ಮಾತಾಡಿದ್ದರಂತೆ, ಒಂದು ಸಲವೂ ಮುಖ ನೋಡಿರಲಿಲ್ಲವಂತೆ. ನಡುವೆ ಇದ್ದದ್ದು ಹೆಬ್ಬಾಳದ ಫ್ಲೈಓವರ್ ಅಷ್ಟೇ. ಅವರು ಹೋದದ್ದು ಗೊತ್ತೇ ಇರಲಿಲ್ಲ ಎಂದಳು. ಆಮೇಲೆ ಭಾನುವಾರ ಮನೆಗೆ ಬರಲೇ ಎಂದು ಕೇಳಿದಳು.

ಅವಳು ಬರುವ ಮೊದಲು ಆ ಪ್ರೋಗ್ರಾಮಿನ ವಿಷಯ ಹೇಳಿಬಿಡಬೇಕು, ಯಾಕೆಂದರೆ ಅದು ನಮ್ಮ ಮನೆಯ ದೊಡ್ಡ ಜಗಳದ ವಿಷಯ.

ನಾನು ಬ್ಲೌಸ್ ಕಟಿಂಗ್ ಕಲಿತದ್ದು ಯಶವಂತಪುರದ ಮಾರ್ಕೆಟ್ ಹತ್ತಿರವಿದ್ದ ಒಬ್ಬ ಟೈಲರ್ ಮಾಸ್ಟರ್ ಬಳಿ. ಕಲಿತದ್ದು ಎನ್ನುವುದಕ್ಕಿಂತ ಕದ್ದದ್ದು ಎನ್ನಬೇಕು. ಆ ಕಾಲದ ಮಾಸ್ಟರುಗಳು ಹೊಲಿಗೆ ಕಲಿಸುತ್ತಿದ್ದರು, ಕಾಜಾ ಹಾಕುವುದು ಕಲಿಸುತ್ತಿದ್ದರು, ಕಟಿಂಗ್ ಮಾತ್ರ ಕಲಿಸುತ್ತಿರಲಿಲ್ಲ. ಬಟ್ಟೆ ಕತ್ತರಿಸುವಾಗ ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಸೀಮೆಸುಣ್ಣದ ಗೆರೆ ಕಾಣದ ಹಾಗೆ ಮೊಣಕೈ ಅಡ್ಡ ಇರುತ್ತಿತ್ತು. ಎರಡು ವರ್ಷ ನಾನು ಆ ಬೆನ್ನನ್ನು ನೋಡಿದ್ದೇನೆ, ಮಾಸ್ಟರ ಮುಖಕ್ಕಿಂತ ಅವರ ಅಂಗಿಯ ಹಿಂಭಾಗವೇ ನನಗೆ ಚೆನ್ನಾಗಿ ನೆನಪಿದೆ. ತೋಳು ಬಂದು ಕೂರುವ ಕಡೆ ಅವರು ಹಾಕುತ್ತಿದ್ದ ಬಾಗು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಅವರು ಕತ್ತರಿಸಿದ ಬ್ಲೌಸ್ ಹಾಕಿಕೊಂಡು ಅಟ್ಟದ ಮೇಲಿಂದ ಪಾತ್ರೆ ಇಳಿಸಬಹುದಿತ್ತು, ಎಲ್ಲೂ ಎಳೆಯುತ್ತಿರಲಿಲ್ಲ. ಆ ಬಾಗನ್ನು ನಾನು ಹಿಡಿದದ್ದು ಅವರು ಬಿಸಾಡಿದ ಚೂರುಗಳಿಂದ. ಕಸ ಗುಡಿಸುವಾಗ ಆರಿಸಿಕೊಂಡು ಹೋಗಿ, ಮನೆಯಲ್ಲಿ ನೆಲದ ಮೇಲೆ ಜೋಡಿಸಿ, ಕತ್ತರಿಸಿ ಉಳಿದದ್ದನ್ನು ನೋಡಿ ಕತ್ತರಿಸಿದ್ದು ಹೇಗಿದ್ದಿರಬೇಕು ಎಂದು ಊಹಿಸುತ್ತಿದ್ದೆ.

ಮದುವೆಯಾಗಿ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ಶುರುಮಾಡಿದ ಮೇಲೆ ನಾನೂ ಹಾಗೇ ಆದೆ. ಎಲ್ಲ ಕಲಿಸುತ್ತಿದ್ದೆ. ಆ ಬಾಗಿನ ಹತ್ತಿರ ಬಂದಾಗ ಮಾತ್ರ, ಕೊಡು, ಅದನ್ನು ನಾನೇ ಹಾಕಿಕೊಡುತ್ತೇನೆ ಎಂದು ಬಟ್ಟೆ ಕಿತ್ತುಕೊಂಡು ಆ ಕಡೆ ತಿರುಗುತ್ತಿದ್ದೆ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ನಮ್ಮನೆಯವರು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ನಮಗೆ ಮಕ್ಕಳಿಲ್ಲ, ಮೊಮ್ಮಕ್ಕಳನ್ನು ಆಡಿಸುವ ಯೋಗವೂ ಇಲ್ಲ. ಹಾಗಾಗಿ ಕಂಪ್ಯೂಟರ್ ಮುಂದೆ ಕೂತರು. ಮೈಯ ಅಳತೆ ಕೊಟ್ಟರೆ ಬಟ್ಟೆಯ ನಕ್ಷೆ ಬರೆದುಕೊಡುವ ಒಂದು ಪ್ರೋಗ್ರಾಮನ್ನು ಬೇರೆ ಬೇರೆ ದೇಶದವರು ಸೇರಿ ಪುಕ್ಕಟೆಯಾಗಿ ಬರೆಯುತ್ತಿದ್ದರಂತೆ. ಅದರಲ್ಲಿ ಶರಟು, ಪ್ಯಾಂಟು, ಫ್ರಾಕು ಎಲ್ಲ ಇತ್ತು, ಸೀರೆಗೆ ಹಾಕುವ ಬ್ಲೌಸ್ ಇರಲಿಲ್ಲ. ಅದನ್ನು ನಾನು ಸೇರಿಸುತ್ತೇನೆ ಎಂದು ಟೇಪು ಹಿಡಿದುಕೊಂಡು ನನ್ನ ಹಿಂದೆ ಬಿದ್ದರು. ಒಗ್ಗರಣೆ ಹಾಕುವಾಗ ಬೆನ್ನಿನ ಅಳತೆ, ಬಟ್ಟೆ ಒಣಹಾಕುವಾಗ ತೋಳಿನ ಅಳತೆ. ಈ ವಯಸ್ಸಿನಲ್ಲಿ ಇದೇನು ಅವತಾರ ಎಂದು ಬೈದೆ, ಒಳಗೊಳಗೆ ಖುಷಿಯೂ ಆಗಿತ್ತು. ಆ ಬಾಗನ್ನು ಹೇಗೆ ಹಾಕುತ್ತೀಯ ಎಂದು ಕೇಳಿದಾಗ, ಗಂಡನೇ ತಾನೆ ಎಂದು ತೋರಿಸಿದೆ. ಬೇರೊಬ್ಬರ ಕಣ್ಣೆದುರು ನಾನು ಆ ಗೆರೆ ಎಳೆದದ್ದು ಅದೇ ಮೊದಲು.

ಅವರು ಅದನ್ನು ಲೋಕಕ್ಕೆಲ್ಲ ಹಂಚಿಬಿಟ್ಟರು.

ಗೊತ್ತಾದ ದಿನ ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಕಸದಿಂದ ಆರಿಸಿ ಕಲಿತ ವಿದ್ಯೆ, ನನ್ನನ್ನು ಒಂದು ಮಾತು ಕೇಳಬೇಡವೇ ಎಂದೆ. ಅವರಿಗೆ ತಮ್ಮ ತಪ್ಪು ತಿಳಿಯಿತು, ಆದರೆ ಹಾಗೆ ಹೋದದ್ದನ್ನು ವಾಪಸ್ ತರಲು ಆಗುವುದಿಲ್ಲವಂತೆ. ನಾನು ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ದಿನ ಸಂಜೆ ಅವರು ಕಾಫಿ ಲೋಟ ನೋಡಿಕೊಂಡು ಹೇಳಿದರು:

"ಯಾರು ಬೇಕಾದ್ರೂ ತಗೋಬಹುದು, ತಿದ್ದಬಹುದು, ಹಂಚಬಹುದು. ಆದ್ರೆ ತಿದ್ದಿ ಹಂಚಿದ್ರೆ ಅದನ್ನೂ ಹಾಗೇ ತೆರೆದಿಡ್ಬೇಕು. ಯಾರೂ ಬೀಗ ಹಾಕ್ಕೊಳ್ಳೋ ಹಾಗಿಲ್ಲ, ಬೆನ್ನು ತಿರುಗಿಸ್ಕೊಂಡು ಕತ್ತರಿಸೋ ಹಾಗಿಲ್ಲ ಕಣೇ. ಹಾಗಂತ ಷರತ್ತಿದೆ. ನಿನಗೆ ಮಾತು ಕೊಡ್ತೀನಿ."

ಆ ಷರತ್ತು ಇವರು ಹಾಕಿದ್ದಲ್ಲ, ಆ ಪ್ರೋಗ್ರಾಮಿಗೆ ಮೊದಲಿನಿಂದ ಇದ್ದದ್ದು ಎಂದು ಆಮೇಲೆ ತಿಳಿಯಿತು. ಆದರೂ ಅದು ನನಗೋಸ್ಕರ ಬರೆದ ಷರತ್ತು ಎಂದೇ ನಾನು ಇಟ್ಟುಕೊಂಡೆ. ಅವತ್ತಿನಿಂದ ಮಾತು ಶುರುವಾಯಿತು. ತರಗತಿಯಲ್ಲೂ ಎಲ್ಲರ ಕಡೆ ಮುಖ ಮಾಡಿಕೊಂಡು ಬಾಗು ಹಾಕತೊಡಗಿದೆ.

ಭಾನುವಾರ ಆ ಹುಡುಗಿ ಬಂದಳು. ಹುಡುಗಿ ಎನ್ನುತ್ತೇನೆ, ಮೂವತ್ತೈದು ದಾಟಿರಬೇಕು. ಹೆಬ್ಬಾಳದಲ್ಲಿ ಬಸ್ ಬದಲಾಯಿಸಿ ಬರುವಷ್ಟರಲ್ಲಿ ಬೆವೆತು ಹೋಗಿದ್ದಳು. ಮನೆಯಲ್ಲಿ ಉರ್ದು ಮಾತಾಡುವವರು. ಒಳಗೆ ಕಾಲಿಡುತ್ತಲೇ, ತಲುಪಿದೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದಳು. ಅವಳ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವರು, ಅವರಿಗೆ ಅನುಕೂಲವಾಗಲಿ ಎಂದೇ ಇವಳು ಈ ಪ್ರೋಗ್ರಾಮಿಗೆ ಕೈಹಾಕಿದ್ದಂತೆ. ನಮ್ಮನೆಯವರ ಫೋಟೋ ಮುಂದೆ ನಿಂತು, ಅಂಕಲ್ ಹೀಗಿದ್ರಾ, ನಾನು ದಪ್ಪಗಿರ್ತಾರೆ ಅಂದ್ಕೊಂಡಿದ್ದೆ ಎಂದಳು. ಆ ಮಾತಿಗೇ ಅವಳು ನನಗೆ ಹಿಡಿಸಿಬಿಟ್ಟಳು. ಎರಡು ವರ್ಷದಿಂದ ಬಂದವರೆಲ್ಲ ಆ ಫೋಟೋ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಿದ್ದರು.

ಚಿತ್ರಾನ್ನ ತಿನ್ನುತ್ತಾ ವಿಷಯ ಬಿಡಿಸಿ ಹೇಳಿದಳು. ಪ್ರೋಗ್ರಾಮನ್ನು ನೋಡಿಕೊಳ್ಳುವವರು ಈಗ ಮೂರೇ ಜನ, ಮೂವರಿಗೂ ಬೇರೆ ಕೆಲಸವಿದೆ, ಮೂವರೂ ಸುಸ್ತಾಗಿದ್ದಾರೆ. ಬಟ್ಟೆ ಕತ್ತರಿಸುವ ಯಂತ್ರ ಮಾಡುವ ಒಂದು ಕಂಪನಿ, ನಮ್ಮ ಜನರನ್ನು ಹಾಕಿ ನಾವೇ ನೋಡಿಕೊಳ್ಳುತ್ತೇವೆ ಎಂದು ಮುಂದೆ ಬಂದಿದೆ. ಆದರೆ ಹಳೆಯ ಲೈಸೆನ್ಸ್ ಇದ್ದರೆ ಅವರಿಗೆ ಬೇಡ. ಹೊಸದರಲ್ಲೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಬರೆದವರ ಹೆಸರು ಉಳಿಸಿಕೊಂಡರೆ ಸಾಕು, ತಿದ್ದಿದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಯಂತ್ರದೊಳಗೆ ಇಟ್ಟು ಮುಚ್ಚಿಬಿಡಬಹುದು. ಬರೆದ ಒಬ್ಬೊಬ್ಬರಿಗೂ ಅವರವರ ಸಾಲುಗಳ ಮೇಲೆ ಹಕ್ಕು ಇರುವುದರಿಂದ ಎಲ್ಲರನ್ನೂ ಕೇಳಲೇಬೇಕು. ಉಳಿದವರೆಲ್ಲ ಹೂಂ ಎಂದಿದ್ದಾರೆ. ಅಂಕಲ್ ಇಲ್ಲವಾದ್ದರಿಂದ ವಾರಸುದಾರರು ನೀವು ಎಂದಳು.

ಆ ಬಾಗು ನನ್ನದು, ಅದಕ್ಕೂ ಸೇರಿಸಿ ಕೇಳುತ್ತಿದ್ದೀಯಾ ಎಂದೆ. ಅವಳು ಮುಜುಗರದಿಂದ ಇಲ್ಲ ಎಂದಳು. ಹೇಗೆ ಕತ್ತರಿಸಬೇಕು ಎಂಬ ವಿಧಾನಕ್ಕೆ ಈ ಕಾನೂನಿನಲ್ಲಿ ಯಾರೂ ಒಡೆಯರಲ್ಲವಂತೆ, ಅದನ್ನು ಬರೆದಿಟ್ಟ ಬರಹಕ್ಕೆ ಮಾತ್ರ ಒಡೆತನವಂತೆ. ನಾನು ಒಪ್ಪಲಿ ಬಿಡಲಿ, ಬಾಗು ಕಂಪನಿಗೆ ಸಿಗುತ್ತದೆ. ಎರಡು ವರ್ಷ ಕಸ ಗುಡಿಸಿ ಕಲಿತವಳಿಗೆ ಏನೂ ಇಲ್ಲ, ಕುರ್ಚಿಯಲ್ಲಿ ಕೂತು ಟೈಪ್ ಮಾಡಿದವರಿಗೆ ಹಕ್ಕು. ಅದೂ ಅವರು ಸತ್ತದ್ದರಿಂದ ನನಗೆ ಬಂದದ್ದು. ನಾನು ಜೋರಾಗಿ ನಕ್ಕುಬಿಟ್ಟೆ, ಪಾಪ ಅವಳಿಗೆ ಗಾಬರಿಯಾಯಿತು.

ಬೇಡ ಎಂದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಅಂಕಲ್ ಬರೆದಿರೋದನ್ನೆಲ್ಲ ತೆಗೀಬೇಕಾಗತ್ತೆ ಆಂಟಿ. ನಕಲು ಅಂತ ಆಗ್ಬಾರ್ದು, ಅದಕ್ಕೆ ಅದನ್ನ ಯಾವತ್ತೂ ನೋಡದೇ ಇರೋರ ಹತ್ರ ಹೊಸದಾಗಿ ಬರೆಸ್ತೀವಿ. ಹಳೇ ವರ್ಷನ್ ಎಲ್ಲೂ ಹೋಗಲ್ಲ, ಹಳೇ ಲೈಸೆನ್ಸಲ್ಲೇ ಇರತ್ತೆ. ಆದ್ರೆ ಅದನ್ನ ನೋಡ್ಕೊಳ್ಳೋರು ಯಾರೂ ಇರಲ್ಲ."

ನೋಡಿಕೊಳ್ಳೋರು ಯಾರೂ ಇಲ್ಲ ಎಂಬ ಮಾತನ್ನು ಆ ಎರಡು ವರ್ಷದಲ್ಲಿ ನೆಂಟರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೆ, ನನ್ನ ವಿಷಯವಾಗಿ. ಹಾಗಾಗಿ ಅದು ಎಲ್ಲೋ ಚುಚ್ಚಿತು.

ಆಮೇಲೆ ಅವಳು ಲ್ಯಾಪ್‌ಟಾಪ್ ತೆಗೆದಳು. ಬ್ಲೌಸ್ ಎಂದು ಒತ್ತಿದ ಕೂಡಲೇ, ಅಳತೆ ಏನೂ ಕೊಡದೆಯೇ, ಒಂದು ನಕ್ಷೆ ಬಂತು. ಹೀಗೆ ಮೊದಲೇ ತುಂಬಿಟ್ಟ ಅಳತೆ ಪ್ರತಿಯೊಂದು ಬಟ್ಟೆಗೂ ಇರುತ್ತದಂತೆ. ಬೇರೆಯವರೆಲ್ಲ ಅದನ್ನು ಅಳತೆಯ ಪಟ್ಟಿಯಿಂದ ಎತ್ತಿ ಹಾಕಿದ್ದರು, ಸಾಮಾನ್ಯ ಅಳತೆ. ಅಂಕಲ್ ಹಾಕಿದ್ದು ಮಾತ್ರ ವಿಚಿತ್ರ ಎಂದು ಬೆರಳಿಟ್ಟು ತೋರಿಸಿದಳು. ಎಡ ಭುಜ ಬಲಕ್ಕಿಂತ ಕಾಲು ಇಂಚು ಕೆಳಗಿತ್ತು.

ನನ್ನ ಎಡ ಭುಜ ಹುಟ್ಟಿದಾಗಿನಿಂದ ಕಾಲು ಇಂಚು ಕೆಳಗೆ. ಅದು ನನ್ನನ್ನೂ ಅವರನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಜೀವಮಾನವೆಲ್ಲ ನಕ್ಷೆ ಬರೆದವರು ಪಟ್ಟಿಯನ್ನು ನಂಬದೆ ಎದುರಿಗಿದ್ದದ್ದನ್ನೇ ಅಳೆದು ಹಾಕಿದ್ದರು. ಇದು ತಪ್ಪು, ಸರಿಪಡಿಸಿ ಎಂದು ಎಲ್ಲೆಲ್ಲಿಂದಲೋ ಜನ ಬರೆದಿದ್ದರಂತೆ, ಈ ಹುಡುಗಿಯೂ ಬರೆದಿದ್ದಳಂತೆ. ಪ್ರತಿ ಸಲವೂ ಇವರದ್ದು ಒಂದೇ ಉತ್ತರ: ಇದು ತಪ್ಪಲ್ಲ, ದಯವಿಟ್ಟು ಬದಲಾಯಿಸಬೇಡಿ. ಬದಲಾಯಿಸುವ ಹಕ್ಕು ಎಲ್ಲರಿಗೂ ಇತ್ತು, ಆದರೂ ಯಾರೂ ಬದಲಾಯಿಸಿರಲಿಲ್ಲ. ಯಾಕೆ ಅಂತ ಅಂಕಲ್ ಹೇಳಲೇ ಇಲ್ಲ ಎನ್ನುತ್ತಾ ಅವಳು ನನ್ನ ಭುಜ ನೋಡಿದಳು. ನಾನು ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋಗಿ ಅತ್ತೆ. ಬದುಕಿದ್ದಾಗ ನನಗೊಂದು ಮಾತು ಹೇಳದೆ, ನನ್ನ ಭುಜವನ್ನು ಇಷ್ಟು ವರ್ಷ ಲೋಕದ ಎದುರು ಕಾಪಾಡಿಕೊಂಡು ಬಂದಿದ್ದರು.

ಅವಳು ಹೋದ ಮೇಲೆ ಮೂರು ದಿನ ನನಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಹೂಂ ಎಂದರೆ ಅವರ ಬರಹ ಉಳಿಯುತ್ತದೆ, ಅದರ ಮೇಲೆ ಅವರ ಹೆಸರು ಉಳಿಯುತ್ತದೆ, ನನ್ನ ಭುಜವೂ ಉಳಿಯುತ್ತದೆ, ಆದರೆ ಅದಕ್ಕೆ ಬೀಗ ಬೀಳಬಹುದು. ಬೇಡ ಎಂದರೆ ಅವರು ಕೊಟ್ಟ ಮಾತು ಉಳಿಯುತ್ತದೆ, ಉಳಿದದ್ದೆಲ್ಲ ಹೋಗುತ್ತದೆ. ಬಾಗಲೂರಿನಲ್ಲಿರುವ ತಂಗಿಗೆ ಫೋನ್ ಮಾಡಿದರೆ, ಹೂಂ ಅನ್ನೋಕೆ ನಿನಗೇನು ಕಷ್ಟ, ನಿನ್ನ ಗಂಟೇನು ಹೋಗತ್ತೆ ಎಂದಳು. ಅವಳಿಗೆ ವಿಷಯ ಅರ್ಥವಾಗಲಿಲ್ಲ, ಅದು ಅವಳ ತಪ್ಪೂ ಅಲ್ಲ. ಅರ್ಥವಾಗುತ್ತಿದ್ದ ಒಬ್ಬರೇ ಒಬ್ಬರನ್ನು ಕೇಳುವ ಹಾಗಿರಲಿಲ್ಲ. ಹೆಂಗಸು ಒಂಟಿಯಾದರೆ ರಾತ್ರಿ ಭಯ, ಕಾಯಿಲೆಗೆ ಭಯ ಎನ್ನುತ್ತಾರೆ. ನನಗೆ ಅವೆಲ್ಲ ಅಷ್ಟಾಗಿ ಕಾಡಿಲ್ಲ. ಒಂದು ತೀರ್ಮಾನಕ್ಕೆ ಹೌದು ಅಲ್ಲ ಎಂದು ಎದುರು ಮಾತಾಡುವವರು ಇಲ್ಲದ್ದು ಕಾಡಿದೆ.

ಬುಧವಾರ ಬೆಳಿಗ್ಗೆ, ಮನಸ್ಸು ಬದಲಾಗುವ ಮೊದಲು, ಆರ್.ಟಿ. ನಗರದ ಹುಡುಗಿಗೆ ಫೋನ್ ಮಾಡಿದೆ.

"ಬೀಗ ಹಾಕೋದಾದ್ರೆ ಬೇಡಮ್ಮ. ಅವ್ರು ನನಗೆ ಮಾತು ಕೊಟ್ಟಿದ್ರು. ಎಲ್ಲ ತೆಗೆದುಬಿಡಿ."

ಆ ಕಡೆಯಿಂದ ಬಸ್ಸಿನ ಹಾರನ್ನು ಕೇಳುತ್ತಿತ್ತು. ಆಮೇಲೆ ಅವಳೆಂದಳು, "ನಾನೂ ಬೇಡ ಅಂತಾನೇ ಬರೆಯೋಣ ಅಂತಿದ್ದೆ ಆಂಟಿ. ಎಲ್ರೂ ಹೂಂ ಅಂದಿದ್ರು. ಒಬ್ಬಳೇ ಆಗ್ಬಿಡ್ತೀನಿ ಅಂತ ನಾನೂ ಹೂಂ ಅಂದೆ."

ಒಬ್ಬಳೇ ಇರುವುದು ಅಷ್ಟೇನೂ ಕಷ್ಟವಲ್ಲ ಎಂದು ಧೈರ್ಯ ಹೇಳಬಹುದಿತ್ತು. ಅದು ಸುಳ್ಳಾಗುತ್ತಿತ್ತು, ಹೇಳಲಿಲ್ಲ. ಯಾವಾಗಲಾದರೂ ಅಮ್ಮನನ್ನು ಕರೆದುಕೊಂಡು ಬಾ ಎಂದೆ. ಬರ್ತೀನಿ ಎಂದಳು, ಇನ್ನೂ ಬಂದಿಲ್ಲ.

ಮೂರು ತಿಂಗಳ ಮೇಲೆ ಹೊಸ ವರ್ಷನ್ ಬಂತು. ನಮ್ಮನೆಯವರ ಕಂಪ್ಯೂಟರಿನಲ್ಲೇ ತೆಗೆದು ನೋಡಿದೆ. ಹೊಸ ಬ್ಲೌಸ್, ಎರಡೂ ಭುಜ ಸಮ. ತೋಳಿನ ಬಾಗು ಪರವಾಗಿಲ್ಲ, ಯಾರೋ ಕಲಿತವರೇ ಹಾಕಿದ್ದಾರೆ. ನಮ್ಮನೆಯವರ ಹೆಸರು ಇರುತ್ತಿದ್ದ ಜಾಗ ಹುಡುಕಿದೆ. ಸಿಗಲಿಲ್ಲ. ಹುಡುಗಿಗೆ ಫೋನ್ ಮಾಡಿ, ಹೆಸರನ್ನೂ ಯಾಕೆ ತೆಗೆದಿರಿ ಎಂದು ದಬಾಯಿಸಿದೆ. ಹೆಸರಿದ್ದದ್ದು ಅವರ ಫೈಲಿನ ತಲೆಯ ಮೇಲೆ, ಆ ಫೈಲೇ ಈಗ ಇಲ್ಲವಲ್ಲ ಎಂದಳು. ಇನ್ನೊಂದು ಕಡೆ ಬೇಕಾದರೆ ಅಂಕಲ್ ಹೆಸರು ಹಾಕುತ್ತೇನೆ, ಹಳೆಯ ಸದಸ್ಯರು ಎಂದು, ಹಾಕಲಾ ಎಂದು ಕೇಳಿದಳು. ಅವರು ಮಾಡದ ಕೆಲಸದ ಕೆಳಗೆ ಅವರ ಹೆಸರು ಬೇಡ ಎಂದೆ. ಈ ಸಲ ಒಂದೇ ಉಸಿರಿಗೆ ಹೇಳಿಬಿಟ್ಟೆ, ಯೋಚನೆ ಮಾಡಬೇಕಾಗಿ ಬರಲಿಲ್ಲ.

ಫೋನ್ ಇಟ್ಟಾಗ ಊಟದ ಹೊತ್ತಾಗಿತ್ತು. ಈ ಎರಡು ಸಲವೂ ನಾನು ಕೊಟ್ಟದ್ದು ಅವರು ಕೊಡುತ್ತಿದ್ದ ಉತ್ತರವೇ ಎಂದು ನನಗೆ ಖಾತ್ರಿಯಿದೆ. ಆದರೆ ಅದನ್ನು ಅವರೇ ಕೊಟ್ಟಿದ್ದರೆ, ಎಂಥ ಮೊಂಡು ಮನುಷ್ಯರಪ್ಪ ನೀವು ಎಂದು ಬೈದುಕೊಂಡು ನಾನು ಎರಡು ತಟ್ಟೆ ಹಾಕುತ್ತಿದ್ದೆ.