ಕಿಟಕಿಯಿಲ್ಲದ ಕೋಣೆಯ ಪದ್ಯ

ಆಕ್ಲೆಂಡಿನ ನಮ್ಮ ಕನ್ನಡದ ಗುಂಪಿನಲ್ಲಿ ಎಂ.ಎ. ಕನ್ನಡ ಓದಿದವಳು ನಾನೊಬ್ಬಳೇ. ಈಗ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತೇನೆ, ಅದು ಯಾರಿಗೂ ಲೆಕ್ಕಕ್ಕಿಲ್ಲ. ಯಾರದಾದರೂ ಪುಸ್ತಕ ಬಿಡುಗಡೆ ಎಂದರೆ ಪರಿಚಯ ಮಾಡಿಕೊಡುವ ಕೆಲಸ ನನ್ನ ತಲೆಗೇ ಬರುತ್ತದೆ. ಪರಿಚಯ ಎಂದರೆ ನಮ್ಮಲ್ಲಿ ಹೊಗಳುವುದು ಎಂದೇ ಅರ್ಥ. ಹೊಗಳಿದ ಮೇಲೆ ಶಾಲು, ಶಾಲಾದ ಮೇಲೆ ಬಿಸಿಬೇಳೆ ಬಾತ್.

ಈ ಸಲದ ಕವಿ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು, ರಸ್ತೆ ಎಂಜಿನಿಯರ್. ಪುಸ್ತಕವಿಡೀ ಆತ್ಮಾವಲೋಕನ ಎಂದು ಮುನ್ನುಡಿಯಲ್ಲಿ ತಾವೇ ಬರೆದುಕೊಂಡಿದ್ದರು. ಮೊದಲ ಪದ್ಯದಲ್ಲಿ ಕವಿ ಕನ್ನಡಿಯ ಮುಂದೆ ನಿಂತು ತಾನು ಅಹಂಕಾರಿ ಎನ್ನುತ್ತಾರೆ. ಮುಂದಿನದರಲ್ಲಿ ಕೆರೆಗೆ ಬಗ್ಗಿ ತಾನು ಸ್ವಾರ್ಥಿ ಎನ್ನುತ್ತಾರೆ. ಕಾರಿನ ಗಾಜು, ಸ್ಟೀಲ್ ಲೋಟ, ನೀರು ನಿಂತ ರಸ್ತೆ, ಹೀಗೆ ಮುಖ ಕಾಣುವ ಒಂದು ವಸ್ತುವನ್ನೂ ಬಿಟ್ಟಿರಲಿಲ್ಲ. ಪ್ರತಿ ಪದ್ಯದ ಕೊನೆಗೂ ಒಂದು ಕಣ್ಣೀರ ಹನಿ, ಹನಿಯ ಪಕ್ಕದಲ್ಲಿ ಮೂರು ಚುಕ್ಕಿ. ತಪ್ಪೊಪ್ಪಿಕೊಂಡಷ್ಟೂ ಮನುಷ್ಯ ದೊಡ್ಡವನಾಗುತ್ತಾ ಹೋಗುತ್ತಾನೆ. ಅತಿವಿನಯಂ ಧೂರ್ತಲಕ್ಷಣಂ ಎಂದು ನಮ್ಮಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಮಗಳಿಗೆ ಎರಡು ಪದ್ಯ ಓದಿ ಹೇಳಿದೆ. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಇಟ್ಸ್ ಆಲ್ ಸೆಲ್ಫೀಸ್, ಅಮ್ಮಾ," ಎಂದಳು. ವಿಮರ್ಶೆ ಅಲ್ಲಿಗೇ ಮುಗಿಯಬಹುದಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಕೊನೆಯ ಪದ್ಯ ಹಾಗಿರಲು ಬಿಡಲಿಲ್ಲ. ಅದು ಅವರ ಹೆಂಡತಿಗೆ ಗರ್ಭಪಾತವಾದ ದಿನದ ಪದ್ಯ. ಕವಿ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ನಿಂತಿದ್ದಾರೆ. ಕಿಟಕಿಯಾಚೆ ಮಳೆ ಅಳುತ್ತಿದೆ. 'ನನ್ನ ಕಣ್ಣು ಮಾತ್ರ ಒಣಗಿದೆ, ನಾನೆಂಥ ಕಲ್ಲು' ಎಂದು ಕೊರಗುತ್ತಾರೆ.

ಆ ದಿನ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದವಳು ನಾನು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಒಂದು ಟ್ಯೂಬ್‌ಲೈಟು, ಒಂದು ಸಿಂಕು, ನೀಲಿ ಪರದೆ. ಅವಳು ಆ ಪರದೆಯನ್ನೇ ನೋಡುತ್ತಾ ಮಲಗಿದ್ದಳು. ಕವಿ ಮಹಾಶಯರು ದೂರದ ಹ್ಯಾಮಿಲ್ಟನ್ ಊರಿನ ಕವಿಗೋಷ್ಠಿಯಲ್ಲಿದ್ದರು, ಫೋನು ಆಫ್. ಸಂಜೆ ನೇರವಾಗಿ ಮನೆಗೆ ಬಂದರು, ಹೆಗಲ ಮೇಲೆ ಶಾಲು ಹೊದ್ದುಕೊಂಡೇ. ಅಂದರೆ ಮಾಡಿದ ತಪ್ಪನ್ನು ಮುಚ್ಚಿಟ್ಟು, ಅದಕ್ಕಿಂತ ಚೆಂದದ ಇನ್ನೊಂದು ತಪ್ಪನ್ನು ಹೊಲಿಸಿ ತೊಟ್ಟುಕೊಂಡಿದ್ದರು. ವೃದ್ಧಾಶ್ರಮದಲ್ಲಿ ದಿನಾ ಹೇಲು ಬಳಿಯುತ್ತೇನೆ, ಒಂದು ದಿನವೂ ಮೂಗು ಮುಚ್ಚಿದವಳಲ್ಲ. ಈ ಪದ್ಯ ಓದಿ ಎದ್ದು ಹೋಗಿ ಕೈ ತೊಳೆದುಕೊಂಡೆ.

ಬಿಡುಗಡೆಯ ಹಿಂದಿನ ದಿನ ಕವಿಯ ಹೆಂಡತಿ ಹಿತ್ತಲ ಬೇಲಿಯ ಹತ್ತಿರ ಬಂದು ಕರೆದಳು.

"ಅಕ್ಕಾ, ಕೊನೇ ಪದ್ಯ ಒಂದು ಓದ್ಬೇಡಿ. ಮೈಸೂರಲ್ಲಿ ನಮ್ಮಮ್ಮ ಲೈವ್ ನೋಡ್ತಾರೆ. ಮಗು ಹೋಗಿದ್ದು ಅವ್ರಿಗೆ ನಾನು ಹೇಳೇ ಇಲ್ಲ."

"ನಿಮ್ಮೆಜಮಾನ್ರಿಗೆ ಹೇಳಿದ್ಯಾ?"

"ಹೇಳ್ದೆ. ಅದೇ ಪುಸ್ತಕದ ಜೀವ ಅಂತೆ."

ಭಾನುವಾರ ಸಂಜೆ, ಸ್ಯಾಂಡ್ರಿಂಗಮ್ ಬಡಾವಣೆಯ ಒಂದು ಸಭಾಂಗಣದಲ್ಲಿ ಸಭೆ. ನಾನು ಆ ಪದ್ಯದ ತಂಟೆಗೆ ಹೋಗಲಿಲ್ಲ. ಕನ್ನಡಿಗಳು ಜಾಸ್ತಿಯಾದವು, ಪುಸ್ತಕದಲ್ಲಿ ಎರಡನೇ ಮನುಷ್ಯ ಕಾಣುವುದಿಲ್ಲ, ಕವಿ ತಮ್ಮಿಂದ ತಾವೇ ಸ್ವಲ್ಪ ದಿನ ರಜೆ ತೆಗೆದುಕೊಂಡರೆ ಪದ್ಯಕ್ಕೆ ಒಳ್ಳೆಯದು ಎಂದೆ. ಜನ ನಕ್ಕು ಚಪ್ಪಾಳೆ ತಟ್ಟಿದರು. ನಮ್ಮವರಿಗೆ ಬೈಗುಳವೂ ಮೈಕಿನಲ್ಲಿ ಬಂದರೆ ಹೊಗಳಿಕೆಯೇ. ಕವಿ ಮಾತ್ರ ಎದ್ದು ಬಂದರು.

"ಮೇಡಮ್ ಮುಖ್ಯವಾದ್ದನ್ನೇ ಮರೆತ್ಬಿಟ್ರು," ಎಂದು ಮೈಕ್ ತೆಗೆದುಕೊಂಡು ಆ ಪದ್ಯವನ್ನೇ ಓದಿದರು.

'ಕಲ್ಲು' ಎನ್ನುವಲ್ಲಿ ಅವರ ಗಂಟಲು ಕಟ್ಟಿತು. ಎಲ್ಲಿ ಕಟ್ಟಬೇಕೆಂದು ಮನೆಯಲ್ಲೇ ಅಭ್ಯಾಸ ಮಾಡಿದ ಹಾಗಿತ್ತು. ಮುಂದಿನ ಸಾಲಿನ ಆಂಟಿಯರು ಕಣ್ಣೊರೆಸಿಕೊಂಡರು. "ಹಿಂಗೆ ಬರಿಯಕ್ಕೆ ಎಷ್ಟು ಧೈರ್ಯ ಬೇಕು ಅಲ್ವಾ," ಎಂದರು ಪಕ್ಕದ ಅಂಕಲ್. ನನಗೆ ಕ್ಯಾಕರಿಸಿ ಉಗಿಯಬೇಕೆನಿಸಿತು. ಕವಿಯ ಹೆಂಡತಿ ಸಭಾಂಗಣದ ಹಿಂಭಾಗದಲ್ಲಿ, ಬಾತಿನ ಪಾತ್ರೆಯ ಪಕ್ಕ ಸೌಟು ಹಿಡಿದು ನಿಂತಿದ್ದಳು. ಲೈವ್ ಮಾಡುವ ಫೋನು ವೇದಿಕೆಯ ಎದುರಿಗೇ ಟ್ರೈಪಾಡಿನ ಮೇಲಿತ್ತು.

ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಕವಿಗೆ ಶಾಲು ಹೊದಿಸಿದ ಮೇಲೆ ಹೆಂಡತಿಯನ್ನೂ ಕರೆದು ಎರಡು ಮಾತು ಆಡಿಸುತ್ತಾರೆ. "ಇವ್ರು ಮನೇಲೂ ಹಿಂಗೇನೇ" ಎಂದು ನಕ್ಕು ಇಳಿದುಬಿಡುವುದು ವಾಡಿಕೆ. ಹೆಸರು ಕೂಗಿದಾಗ ಅವಳು ಸೌಟು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮೈಕ್ ಹಿಡಿದು ಸಭೆಯನ್ನು ನೋಡದೆ ಫೋನಿನ ಕಡೆ ತಿರುಗಿದಳು.

"ಅಮ್ಮಾ, ಆ ರೂಮಿಗೆ ಕಿಟಕಿ ಇರ್ಲಿಲ್ಲ. ಇವ್ರೂ ಇರ್ಲಿಲ್ಲ. ನನ್ ಜೊತೆ ಇದ್ದಿದ್ದು ಪಕ್ಕದ್ಮನೆ ಅಕ್ಕ. ನೀನು ಅಳ್ಬೇಡ, ಮನೆಗೋಗಿ ಫೋನ್ ಮಾಡ್ತೀನಿ."

ಆಮೇಲೆ ಸಭೆಗೆ, "ಎಲ್ರೂ ಊಟಕ್ಕೆ ಬನ್ನಿ, ಆರೋಗುತ್ತೆ," ಎಂದು ಇಳಿದು ಪಾತ್ರೆಯ ಹತ್ತಿರ ಹೋದಳು.

ಊಟಕ್ಕೆ ಯಾರೂ ಏಳಲಿಲ್ಲ. ಕವಿಯ ಹೊಸ ಶಾಲು ಒಂದು ಹೆಗಲಿನಿಂದ ಜಾರಿ ನೆಲಕ್ಕೆ ತಾಗಿತ್ತು, ಎತ್ತಿ ಹೊದಿಸಲು ಯಾರೂ ಬರಲಿಲ್ಲ. ನಾನು ಎದ್ದು, ತಟ್ಟೆ ತೆಗೆದುಕೊಂಡು, ಅವಳ ಮುಂದೆ ಹೋಗಿ ನಿಂತೆ.