ಮಾರೆಮ್ಮ ಟೈಪು ಮಾಡಿದ ಮುಖಗಳು

ಹರಪನಹಳ್ಳಿಯಲ್ಲಿ ಬೆನಕಪ್ಪ ಮಾಸ್ತರರು ನಡೆಸುತ್ತಿದ್ದ ಟೈಪಿಂಗ್ ಶಾಲೆಗೆ 1973ರಲ್ಲಿ ಸೇರಿದ ಹೆಣ್ಣುಮಕ್ಕಳು ನಾವಿಬ್ಬರೇ. ನಾನು ಅದೇ ಊರಿನ ಕಿರಾಣಿ ಅಂಗಡಿಯವರ ಮಗಳು ನಾಗಲಿಂಗಮ್ಮ. ಅವಳು ಬಾಗಳಿಯ ಕೂಲಿಕಾರರ ಮನೆಯ ಮಾರೆಮ್ಮ. ಮದುವೆ ಗೊತ್ತಾಗುವ ತನಕ ಹುಡುಗಿ ಸುಮ್ಮನೆ ಕೂರುವುದು ಬೇಡವೆಂದು ನನ್ನನ್ನು ಕಳಿಸಿದ್ದರು. ಅವಳು ಬಂದದ್ದು ನೌಕರಿಗಾಗಿ. ಆ ವ್ಯತ್ಯಾಸ ಬೆರಳಲ್ಲೇ ಕಾಣುತ್ತಿತ್ತು. ನಾನು ಅಕ್ಷರ ಹುಡುಕಿ ಹುಡುಕಿ ಒಂದು ಸಾಲು ಒತ್ತುವಷ್ಟರಲ್ಲಿ ಅವಳು ಹಾಳೆ ಬದಲಿಸಿರುತ್ತಿದ್ದಳು.

ಪರೀಕ್ಷೆಯ ಹಾಳೆಗಳ ಅಂಚಿಗೆ ಚುಕ್ಕಿ, ಗೆರೆ, ನಕ್ಷತ್ರಗಳಿಂದ ಬಳ್ಳಿ ಬಿಡಿಸುವುದನ್ನು ಮಾಸ್ತರರು ಎಲ್ಲರಿಗೂ ಕಲಿಸಿದ್ದರು. ನಾವು ಬಳ್ಳಿಗೇ ನಿಂತೆವು. ಮಾರೆಮ್ಮ ಮಾತ್ರ ಒಂದು ದಿನ ಹಾಳೆಯ ತುಂಬ ಬರೀ ಅಕ್ಷರಗಳನ್ನು ಒತ್ತಿ ಮಾಸ್ತರರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಓದಲು ನೋಡಿದರು. ಅದರಲ್ಲಿ ಓದುವಂಥದು ಏನೂ ಇರಲಿಲ್ಲ. ರಿಬ್ಬನ್ ಹಾಳು ಮಾಡಿದ್ದಕ್ಕೆ ಬೈಯಲು ಶುರುಮಾಡಿದವರನ್ನು ಅವಳು ತಡೆದು, ಹಾಳೆಯನ್ನು ಎದುರಿನ ಗೋಡೆಗೆ ಅಂಟಿಸಿ, ಬಾಗಿಲ ತನಕ ಹಿಂದೆ ಬಂದು ನೋಡಿರೆಂದಳು. ಅಲ್ಲಿಂದ ನೋಡಿದರೆ ಗೋಡೆಯ ಮೇಲೆ ಬೆನಕಪ್ಪ ಮಾಸ್ತರರೇ ಇದ್ದರು. ಕನ್ನಡಕ, ಹಣೆಯ ವಿಭೂತಿ, ಒಂದು ಕಡೆ ಜೋತ ಮೀಸೆ, ಎಲ್ಲವೂ. ಮಾಸ್ತರರು ಆ ಹಾಳೆಯನ್ನು ಗೋಡೆಯಿಂದ ಕೀಳಗೊಡಲಿಲ್ಲ. ನಾಲ್ಕು ವರ್ಷದ ಮೇಲೆ ಶಾಲೆ ಮುಚ್ಚಿದಾಗ ಉಳಿದ ಮಷಿನ್ನುಗಳನ್ನೆಲ್ಲ ಮಾರಿ, ಹಳೆಯ ಕನ್ನಡದ ಮಷಿನ್ನನ್ನು ಮಾತ್ರ ಅವಳಿಗೆ ಕೊಟ್ಟುಬಿಟ್ಟರು.

ಆ ಹೊತ್ತಿಗೆ ಮಾರೆಮ್ಮನಿಗೆ ಹಡಗಲಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ನಾನೂ ಮದುವೆಯಾಗಿ ಅದೇ ಊರಿಗೆ ಬಂದಿದ್ದೆ. ಅವಳಿಗೆ ಬಾಡಿಗೆ ಮನೆ ಸಿಗುವುದು ಸುಲಭವಾಗಲಿಲ್ಲ. ಯಾವ ಊರು, ಯಾರ ಪೈಕಿ ಎಂದು ಕೇಳಿ ಬಾಗಿಲು ಮುಚ್ಚಿದವರಲ್ಲಿ ನನ್ನ ನೆಂಟರೂ ಇದ್ದರು. ಕೊನೆಗೆ ಊರಂಚಿನಲ್ಲಿ ಒಂದು ಕೋಣೆ ಸಿಕ್ಕಿತು. ಭಾನುವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಹಾಗಾಗಿ ಅವಳ ಕೆಲಸವನ್ನು ಹತ್ತಿರದಿಂದ ಕಂಡವಳು ನಾನೊಬ್ಬಳೇ.

ಫೋಟೋದ ಮೇಲೆ ಅವಳು ಒಂದು ಗಾಜಿನ ಚೂರು ಇಡುತ್ತಿದ್ದಳು. ಗಾಜಿನ ಮೇಲೆ ಮಸಿಯಲ್ಲಿ ಎಳೆದ ಸಣ್ಣ ಸಣ್ಣ ಚೌಕಗಳು. ಒಂದು ಚೌಕಕ್ಕೆ ಒಂದು ಅಕ್ಷರ. ಚೌಕದಲ್ಲಿ ಕಪ್ಪು ಹೆಚ್ಚಿದ್ದರೆ ‘ಘ’, ಅದಕ್ಕಿಂತ ತುಸು ಕಮ್ಮಿಯಿದ್ದರೆ ‘ಮ’, ಕೆನ್ನೆಯ ಬೆಳಕಿಗೆ ಬರೀ ಸೊನ್ನೆ, ಇನ್ನೂ ತಿಳಿಗೆ ಒಂದು ಚುಕ್ಕಿ. ಕೂದಲಿಗೆ ಒಂದರ ಮೇಲೊಂದು ಎರಡು ಸಲ ಒತ್ತುವುದು. ಕಣ್ಣಿನ ಗುಡ್ಡೆಗೆ ‘ಠ’ ಬಿಟ್ಟರೆ ಬೇರೆ ಅಕ್ಷರ ಇಲ್ಲ ಎನ್ನುತ್ತಿದ್ದಳು. ಒಂದು ಮುಖಕ್ಕೆ ಎರಡು ಮೂರು ಭಾನುವಾರ ಬೇಕಾಗುತ್ತಿತ್ತು. ಕೊನೆಯ ಸಾಲಿನಲ್ಲಿ ಒಂದು ತಪ್ಪಾದರೂ ಹಾಳೆ ಎಳೆದು ಹೊಸದು ಹಾಕುತ್ತಿದ್ದಳು.

ಬೊಮ್ಮಮ್ಮ ಎಂಬ ಹೂ ಮಾರುವ ಮುದುಕಿ ಬಂದ ಮೇಲೆ ಅವಳ ಹೆಸರು ಊರಲ್ಲಿ ಹರಡಿತು. ಮುದುಕಿಯ ಮಗ ತೀರಿಕೊಂಡಿದ್ದ. ಅವನದೆಂದು ಉಳಿದದ್ದು ಬಸ್ ಪಾಸಿನ ಒಂದು ಚಿಕ್ಕ ಫೋಟೋ. ಅದರಲ್ಲೂ ಅರ್ಧ ಕೆನ್ನೆಯ ಮೇಲೆ ಸೀಲು ಬಿದ್ದಿತ್ತು. ಮಾರೆಮ್ಮ ಆ ಕೆನ್ನೆಯನ್ನು ಈ ಕೆನ್ನೆ ನೋಡಿ ತುಂಬಿಸಿ, ಸೀಲಿಲ್ಲದ ಮುಖ ಮಾಡಿಕೊಟ್ಟಳು. ಬೊಮ್ಮಮ್ಮ ಅದನ್ನು ಎದೆಗೊತ್ತಿಕೊಂಡು ಬೀದಿಯುದ್ದಕ್ಕೂ ತೋರಿಸುತ್ತಾ ಹೋದಳು. ಆಮೇಲೆ ಕೊಟ್ಟೂರಿನಿಂದ, ಹಗರಿಬೊಮ್ಮನಹಳ್ಳಿಯಿಂದಲೂ ಜನ ಬಂದರು. ಬಂದವರೆಲ್ಲ ಸತ್ತವರ ಫೋಟೋ ತಂದವರೇ. ಬದುಕಿದ್ದವರ ಮುಖ ಮಾಡಿಕೊಡೆಂದು ಕೇಳಿದವರು ನನಗೆ ನೆನಪಿಲ್ಲ.

ಅವಳಿಗೆ ಒಬ್ಬಳೇ ತಂಗಿ, ಗಿಡ್ಡಮ್ಮ. ಎಂಟು ವರ್ಷ ಚಿಕ್ಕವಳು. ಕೂಲಿಗೆ ಹೋದ ತಾಯಿ ಹಂಪಮ್ಮ ಬರುವ ತನಕ ಆ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಮಾರೆಮ್ಮನೇ. ತನಗೆ ಮದುವೆ ಬೇಡವೆಂದು 1978ರಲ್ಲಿ ತಂಗಿಯನ್ನು ಹಂಪಸಾಗರದ ಹುಲುಗಪ್ಪನಿಗೆ ಕೊಟ್ಟು ಮದುವೆ ಮಾಡಿದಳು. ಎರಡು ವರ್ಷಕ್ಕೆ ಗಿಡ್ಡಮ್ಮ ಚೊಚ್ಚಲ ಹೆರಿಗೆಗೆ ಬಾಗಳಿಗೆ ಬಂದಳು. ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಗಾಡಿಯಲ್ಲಿ ಹರಪನಹಳ್ಳಿಗೆ ಕರೆತರುವಾಗ ದಾರಿಯಲ್ಲೇ ಹೋಗಿಬಿಟ್ಟಳು. ಸುದ್ದಿ ಮುಟ್ಟಿ ಮಾರೆಮ್ಮ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮುಖ ಸಿಗಲಿಲ್ಲ ಎಂದಷ್ಟೇ ನನ್ನ ಹತ್ತಿರ ಹೇಳಿದಳು. ಆಗ ಅವಳು ಅಳಲಿಲ್ಲ. ಮರುವಾರವೇ ಮಷಿನ್ನಿನ ಮುಂದೆ ಕೂತು ಬೇರೆ ಯಾರದೋ ಮಗನ ಮುಖ ಒತ್ತಿದಳು.

ಹುಲುಗಪ್ಪ ಇನ್ನೊಂದು ಮದುವೆಯಾದ. ಕೂಸು ಅಜ್ಜಿಯ ಮಡಿಲಲ್ಲಿ ಬೆಳೆಯಿತು. ಹೆಸರು ಮೈಲಮ್ಮ, ಕರೆಯುವುದು ಮೈಲಿ ಎಂದು. ಆರು ವರ್ಷವಾದಾಗ ಮಾರೆಮ್ಮ ಅವಳನ್ನು ಹಡಗಲಿಗೆ ಕರೆತಂದು ಶಾಲೆಗೆ ಸೇರಿಸಿದಳು. ಹೆಚ್ಚು ದಿನ ಆಗಿರಲಿಲ್ಲ, ಹುಡುಗಿ ಒಂದು ಸಂಜೆ ಕೇಳಿತಂತೆ: ದೊಡ್ಡವ್ವ, ಎಲ್ಲಾರ ಅವ್ವಗಳನ್ನೂ ಮಾಡಿಕೊಡ್ತಿ, ನಮ್ಮವ್ವನ್ನ ಯಾಕ ಮಾಡಿಲ್ಲ?

ಮಾಡದೇ ಇದ್ದದ್ದಕ್ಕೆ ಕಾರಣವಿತ್ತು. ಗಿಡ್ಡಮ್ಮನ ಒಂದೇ ಒಂದು ಫೋಟೋ ಇತ್ತು, ಮದುವೆಯದು. ಹಣೆಯ ತುಂಬ ಬಾಸಿಂಗ, ಕೊರಳಲ್ಲಿ ಗದ್ದ ಮುಟ್ಟುವ ಹೂವಿನ ಹಾರ. ತಲೆ ತಗ್ಗಿಸಿದ್ದರಿಂದ ನಡುವೆ ಕಾಣುತ್ತಿದ್ದುದು ಮೂಗಿನ ತುದಿ, ಅಷ್ಟೇ. ಕಣ್ಣು ಇರಲೇ ಇಲ್ಲ. ಆರು ವರ್ಷ ಆ ಫೋಟೋವನ್ನು ಅವಳು ಟ್ರಂಕಿನಿಂದ ತೆಗೆದಿರಲಿಲ್ಲ. ಈಗ ತೆಗೆದಳು.

ಆ ಮಳೆಗಾಲವೆಲ್ಲ ದಿನವೂ ರಾತ್ರಿ ಅದೇ ಕೆಲಸ ನಡೆಯಿತು. ಬೇರೆಯವರಿಗೆಲ್ಲ ಕಾಯಿರೆಂದು ಹೇಳಿ ಕಳಿಸಿದಳು. ನೆನಪಿನಿಂದ ಕಣ್ಣು ಇಟ್ಟಳು. ನೋಡಿದರೆ ಯಾರದೋ ಮುಖ. ಹುಬ್ಬು ಏರಿಸಿದಳು, ಇಳಿಸಿದಳು. ಬಾಗಳಿಗೆ ಹೋಗಿ ತಂಗಿಯ ಜೊತೆಯವರನ್ನು ಕೇಳಿದಳು. ಕಣ್ಣು ದೊಡ್ಡವು ಎಂದವರಿದ್ದರು, ಸಣ್ಣವು ಎಂದವರೂ ಇದ್ದರು. ಒಂದು ಭಾನುವಾರ ನಾನು ಹೋದಾಗ ಅವಳು ನೆಲದ ಮೇಲೆ ಹನ್ನೊಂದು ಹಾಳೆ ಹರಡಿಕೊಂಡು ಕೂತಿದ್ದಳು. ಹನ್ನೊಂದರಲ್ಲೂ ಬಾಸಿಂಗ ಒಂದೇ, ಹಾರ ಒಂದೇ. ಕಣ್ಣು ಮಾತ್ರ ಹನ್ನೊಂದು ಹೆಂಗಸರವು.

“ಹೊತ್ತು ಬೆಳಸಿದ ಕೂಸು, ನಾಗವ್ವ” ಎಂದಳು. “ಅದರ ಕಣ್ಣ ನನಗ ನೆನಪಿಲ್ಲ.”

ಅಕ್ಕತಂಗಿಯರಿಗೆ ಹೋಲಿಕೆ ಇದ್ದೇ ಇರುತ್ತದೆ, ನಿನ್ನ ಫೋಟೋ ತೆಗೆಸಿ ಅದರಿಂದ ಕಣ್ಣು ಹಾಕು ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಈಗ ಯೋಚಿಸಿದರೆ ಹೇಳಬಾರದಿತ್ತು ಅನಿಸುತ್ತದೆ. ಅವಳು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದಳು. ಹಾಗೆ ಆದ ಹನ್ನೆರಡನೆಯ ಹಾಳೆ ಎಲ್ಲಕ್ಕಿಂತ ಚೆನ್ನಾಗಿ ಬಂತು. ಜೀವ ಇದ್ದ ಹಾಗಿತ್ತು. ಮೈಲಮ್ಮನಿಗೆ ಕೊಡುವ ಮೊದಲು ಅದನ್ನು ಬಾಗಳಿಗೆ ಒಯ್ದು ತಾಯಿಗೆ ತೋರಿಸಿದಳು. ಹಂಪಮ್ಮನಿಗೆ ಓದು ಬಾರದು, ಅಕ್ಷರದ ಗೋಜೂ ಇಲ್ಲ. ಅವಳಿಗೆ ಕಾಣುವುದು ಮುಖ ಮಾತ್ರ. ದೂರದಿಂದ ಒಮ್ಮೆ ನೋಡಿ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಚಂದ ಅದಾಳ. ಆದ್ರ ಇಕಿ ಗಿಡ್ಡಿ ಅಲ್ಲ ಬಿಡವ್ವ. ಇಕಿ ನೀನು.”

ಮಾರೆಮ್ಮ ಹಡಗಲಿಗೆ ಬಂದು ಹನ್ನೆರಡೂ ಹಾಳೆಗಳನ್ನು ಒಲೆಗೆ ಹಾಕಿದಳು. ಹದಿಮೂರನೆಯದನ್ನು ಫೋಟೋದಲ್ಲಿ ಇದ್ದ ಹಾಗೆಯೇ ಒತ್ತಿದಳು. ಏನನ್ನೂ ತುಂಬಿಸಲಿಲ್ಲ. ಬಾಸಿಂಗ, ಅದರ ಕೆಳಗಿನ ನೆರಳು, ಮೂಗಿನ ತುದಿ, ಹಾರ. ನೆರಳಿನ ಜಾಗದಲ್ಲಿ ‘ಘ’ದ ಮೇಲೆ ‘ಘ’ ಒತ್ತಿ ಒತ್ತಿ ಕಾಗದವೇ ಹರಿಯುವಂತಾಗಿತ್ತು.

ಅದನ್ನು ಗೋಡೆಗೆ ಹಚ್ಚಿದ ದಿನ ನಾನು ಅಲ್ಲೇ ಇದ್ದೆ. ಮೈಲಿ ಶಾಲೆಯಿಂದ ಬಂದು ಚೀಲ ಇಳಿಸಿತು. ಮಾರೆಮ್ಮ ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ, ಅಲ್ಲಿಂದ ನೋಡು, ನಿಮ್ಮವ್ವ ಎಂದಳು. ಹುಡುಗಿ ನೋಡಿತು. ಪಕ್ಕಕ್ಕೆ ಸರಿದು ನೋಡಿತು, ಕೂತು ಕೆಳಗಿನಿಂದ ನೋಡಿತು.

“ಅವ್ವ ಯಾಕ ತಲಿ ತಗ್ಗಿಸ್ಯಾಳ?”

ಮದುವೆಯಲ್ಲಿ ಎಲ್ಲ ಹೆಣ್ಣುಮಕ್ಕಳೂ ಹಾಗೇ ಮಾಡುತ್ತಾರೆ ಎಂದು ನಾನು ನಡುವೆ ಬಾಯಿ ಹಾಕಿದೆ. ಮಾರೆಮ್ಮ ನನ್ನ ಕಡೆ ನೋಡದೆ, ಹುಡುಗಿಯ ಮುಂದೆ ನೆಲಕ್ಕೆ ಕೂತಳು.

“ನಾನ ಹೇಳಿದ್ದೆ ತಗ್ಗಸು ಅಂತ” ಎಂದಳು. “ಫೋಟೋದವ ತಲಿ ಎತ್ತಮ್ಮ ಅಂದ. ನಿಮ್ಮವ್ವ ಎತ್ತಿ, ನಕ್ಕೋಂತ ನನ್ನ ಕಡೆ ನೋಡಿದ್ಳು. ಹಿರೇರು ಕುಂತಾರ, ತಗ್ಗಸು ಅಂತ ನಾನ ಗದರಿಸಿದೆ. ತಗ್ಗಿಸಿದ್ಳು. ಅಷ್ಟರಾಗ ಅವ ತೆಗದುಬಿಟ್ಟ.”

ಹುಡುಗಿ ಮತ್ತೆ ಗೋಡೆಯ ಕಡೆ ನೋಡಿತು. ಸಿಟ್ಟಿನಿಂದಲ್ಲ, ಉಪಾಯ ಹೇಳುವವರ ಹಾಗೆ ಹೇಳಿತು.

“ಹಂಗಾದ್ರ ಈಗ ಎತ್ತು ಅಂತ ಹೇಳು.”

ಎಂಟು ವರ್ಷದ ಹಿಂದಿನ ಮದುವೆಯ ಮಾತನ್ನು, ಆರು ವರ್ಷದ ಹಿಂದಿನ ಸಾವನ್ನು ಒಳಗೇ ಇಟ್ಟುಕೊಂಡಿದ್ದ ಮಾರೆಮ್ಮ ಆಗ ಅತ್ತಳು. ಮೈಲಿ ಹೆದರಿ ನನ್ನ ಸೆರಗು ಹಿಡಿದುಕೊಂಡಿತು. ನಾನು ಹುಡುಗಿಯನ್ನು ಹೊರಗೆ ಕರೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂರಿಸಿದೆ. ಒಳಗಿನ ಅಳು ಬೀದಿಗೂ ಕೇಳುತ್ತಿತ್ತು.

ಆಮೇಲೆ ಅವಳು ಯಾರ ಮುಖವನ್ನೂ ಮಾಡಲಿಲ್ಲ. ಫೋಟೋ ತಂದವರಿಗೆ ಕಣ್ಣು ಮಂಜಾಗಿದೆ ಎನ್ನುತ್ತಿದ್ದಳು. ಕೆಲವರು ಬೇಡಿಕೊಂಡರು, ಕೆಲವರು ಸೊಕ್ಕು ಎಂದರು. ಬೆನಕಪ್ಪ ಮಾಸ್ತರರ ಮಷಿನ್ನಿಗೆ ರಿಬ್ಬನ್ ಹಾಕುವುದೂ ನಿಂತಿತು. 1988ರಲ್ಲಿ ಅವಳಿಗೆ ಕೂಡ್ಲಿಗಿಗೆ ವರ್ಗವಾಯಿತು.

ಮರುವರ್ಷ ನಾನು ಕೂಡ್ಲಿಗಿಗೆ ಒಂದು ಮದುವೆಗೆ ಹೋದವಳು ಅವಳ ಮನೆ ಹುಡುಕಿಕೊಂಡು ಹೋದೆ. ಈ ಸಲ ಒಳ್ಳೆಯ ಮನೆ ಸಿಕ್ಕಿತ್ತು, ನಲ್ಲಿಯೂ ಇತ್ತು. ಮಾರೆಮ್ಮನ ಕೂದಲು ವಯಸ್ಸಿಗೆ ಮೊದಲೇ ಪೂರ್ತಿ ನೆರೆತಿತ್ತು. ಗಿಡ್ಡಮ್ಮನ ಹಾಳೆ ಎಲ್ಲೂ ಕಾಣಲಿಲ್ಲ, ನಾನೂ ಕೇಳಲಿಲ್ಲ. ಮೈಲಮ್ಮ ನಲ್ಲಿಯ ಹತ್ತಿರ ನೀರು ತುಂಬುತ್ತಾ, ಒಳಗಿದ್ದ ಮಾರೆಮ್ಮನನ್ನು “ಅವ್ವ” ಎಂದು ಕೂಗಿದಳು. ನಾನು ತಲೆಯೆತ್ತಿ ನೋಡಿದ್ದನ್ನು ಮಾರೆಮ್ಮ ಗಮನಿಸಿದಳು. ದೊಡ್ಡವ್ವ ಅನ್ನು ಎಂದು ಮೊದಮೊದಲು ತಿದ್ದುತ್ತಿದ್ದಳಂತೆ, ಈಗ ತಿದ್ದುವುದಿಲ್ಲವಂತೆ. ಅಷ್ಟು ಹೇಳಿ, ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು.